ಸಿದ್ಧಕಟ್ಟೆಯಲ್ಲಿ ಮುಗಿಯದೆ ಉಳಿದ ಭಾಷಣ ಮತ್ತು ಅದರ ತಂತಿ

ಸಚಿವರ ಭಾಷಣ ನಿರ್ವಹಣಾ ಇಲಾಖೆ
ಬಂಟ್ವಾಳ ತಾಲೂಕು, ಶಿಬಿರ: ಸಿದ್ಧಕಟ್ಟೆ

ಸಂಖ್ಯೆ: ಸಭಾನಿ/ಅಪೂರ್ಣ/1/2002-03
ದಿನಾಂಕ: 18.02.2003

ಸುತ್ತೋಲೆ

ವಿಷಯ: ಮಾನ್ಯ ಪರಿಸರ ಸಚಿವರು ಅರ್ಧಕ್ಕೆ ನಿಲ್ಲಿಸಿದ ಭಾಷಣ ಹಾಗೂ ಸದರಿ ಭಾಷಣಕ್ಕಾಗಿ ಎಳೆದ ವಿದ್ಯುತ್ ತಂತಿಯ ಕುರಿತು.

ಉಲ್ಲೇಖ: 1) ಶ್ರೀಮತಿ ಮೈಮೂನಮ್ಮ, ಸಿದ್ಧಕಟ್ಟೆ, ಇವರ ವಿದ್ಯುತ್ ಸಂಪರ್ಕದ ಅರ್ಜಿ, 1997 (ನೆನಪೋಲೆಗಳು: ಹನ್ನೊಂದು).
2) ತಾತ್ಕಾಲಿಕ ಸಂಪರ್ಕದ ಆದೇಶ, ದಿ. 10.02.2003.

ಮೈಮೂನಮ್ಮನವರು ಮದುವೆ ಮನೆಗಳಿಗೆ ಅಕ್ಕಿ ರೊಟ್ಟಿ ಮಾಡಿಕೊಡುವವರು. ದುಬಾಯಿಯ ತಮ್ಮ ಕೊಡಿಸಿದ ಗ್ರೈಂಡರ್ ಆರು ವರ್ಷಗಳಿಂದ ಪೆಟ್ಟಿಗೆಯೊಳಗೇ ಇದ್ದು, ಅವರು ಕಡೆಯುವ ಕಲ್ಲಿನಲ್ಲೇ ಅರೆಯುತ್ತಾರೆ; ಮಣಿಕಟ್ಟು ಬಾತಿದೆ. ಇಷ್ಟು ವರ್ಷ ಒಂದು ಯೂನಿಟ್ ವಿದ್ಯುತ್ತನ್ನೂ ಬಳಸದ ಕಾರಣ ಅವರ ಮನೆಯನ್ನು 'ಮಾದರಿ ಇಂಧನ ಉಳಿತಾಯ ಗೃಹ'ವೆಂದು ಆರಿಸಿ, ದಿ. 13ರಂದು ಅವರ ಅಂಗಳದಲ್ಲೇ ಸಭೆ ನಡೆಸಲಾಯಿತು. ಮೈಕಿಗಾಗಿ ಮೂರೇ ದಿನದಲ್ಲಿ ಕಂಬ ನೆಟ್ಟು ತಂತಿ ಎಳೆಯಲಾಯಿತು. ಇದನ್ನು ಕಂಡ ಸದರಿಯವರು, "ಅಲ್ಲ ಮಾರಾಯ್ರೆ, ಮೈಕಿಗೆ ಮೂರು ದಿವಸ, ನನಗೆ ಆರು ವರ್ಷವಾ? ಮೈಕಿಗೆ ಕೈನೋವು ಉಂಟಾ?" ಎಂದು ಕೇಳಿದ್ದನ್ನು ಮೌಖಿಕ ನೆನಪೋಲೆಯೆಂದು ಕಡತಕ್ಕೆ ಸೇರಿಸಲಾಗಿದೆ.

ಮಾನ್ಯ ಸಚಿವರು, "ಈ ಅಮ್ಮನನ್ನು ನೋಡಿ ನಾಡು ಕಲಿಯಬೇಕು, ಆದ್ದರಿಂದ..." ಎಂಬಲ್ಲಿಗೆ ತಲುಪಿದಾಗ ಮೊಬೈಲ್ ಕರೆ ಬಂದು, ಅವರ ಖಾತೆ ಪರಿಸರದಿಂದ ಇಂಧನಕ್ಕೆ ಬದಲಾಗಿರುವುದು ತಿಳಿಯಿತು. "ಉಳಿದದ್ದು ಮತ್ತೆ ಬಂದು ಹೇಳ್ತೇನೆ" ಎಂದು ಅವರು ಕಾರು ಹತ್ತಿದರು.

ಉಲ್ಲೇಖ 2ರ ಪ್ರಕಾರ ಸಂಪರ್ಕವು 'ಮಾನ್ಯ ಸಚಿವರ ಭಾಷಣ ಮುಗಿಯುವವರೆಗೆ' ಜಾರಿಯಲ್ಲಿರತಕ್ಕದ್ದು. ಭಾಷಣ ಮುಗಿದಿಲ್ಲ. ಅದರಂತೆ ಈ ಮೂಲಕ ಸೂಚಿಸಲಾಗಿದೆ:

1. ತಂತಿ ಕತ್ತರಿಸಲು ಕಂಬ ಹತ್ತಿರುವ ಲೈನ್‌ಮನ್ ನೋಣಯ್ಯ ಇಕ್ಕಳವನ್ನು ಕೂಡಲೇ ಜೇಬಿಗೆ ಹಾಕತಕ್ಕದ್ದು.

2. ಮಾನ್ಯ ಸಚಿವರು 1994ರಲ್ಲಿ ಅರಣ್ಯ ಖಾತೆಯಲ್ಲಿದ್ದಾಗ ಅಣೆಕಟ್ಟು ಪಾಪವಾಗಿತ್ತು. 1996ರಲ್ಲಿ ನೀರಾವರಿಗೆ ಹೋದಾಗ ಪುಣ್ಯವಾಯಿತು. 1999ರಲ್ಲಿ ಕೈಗಾರಿಕೆಯಲ್ಲಿದ್ದಾಗ ಕಲ್ಲಿದ್ದಲ ಹೊಗೆ ಪ್ರಗತಿಯಾಗಿದ್ದು, 2001ರಿಂದ ಪರಿಸರದಲ್ಲಿ ಅದೇ ಹೊಗೆ ವಿಷವಾಗಿತ್ತು. ಆಯಾ ಖಾತೆಯಲ್ಲಿ ಆಯಾ ಅಭಿಪ್ರಾಯ ಸರಿಯಾಗಿಯೇ ಇತ್ತು. ಸಿಬ್ಬಂದಿ ಹಳೆಯ ಅಭಿಪ್ರಾಯಗಳನ್ನು ಮನೆಗೆ ಒಯ್ಯಕೂಡದು.

3. 'ಆದ್ದರಿಂದ'ದ ಮುಂದೆ ವಿದ್ಯುತ್ ಉಳಿಸಬೇಕೆಂದು ಬರುವುದೋ ಧಾರಾಳವಾಗಿ ಉರಿಸಬೇಕೆಂದು ಬರುವುದೋ ಗೊತ್ತಿಲ್ಲದ ಕಾರಣ, ವಿಟ್ಲದಿಂದ ಮೂಡುಬಿದಿರೆಯವರೆಗಿನ ಎಲ್ಲ ಸಿಬ್ಬಂದಿ ಸ್ವಿಚ್ಚನ್ನು ಅರ್ಧ ಮಾತ್ರ ಒತ್ತತಕ್ಕದ್ದು.

4. ಭಾಷಣದ ನಡುವೆ ಎದ್ದು ಹೋಗುವುದು ಅಶಿಸ್ತು. ಆದಾಗ್ಯೂ ಐದು ದಿನ ಕಳೆದಿರುವುದರಿಂದ, ಸಭಿಕರು ಕುರ್ಚಿಯ ಮೇಲೆ ಕೊಡೆ ಇಟ್ಟು ಊಟಕ್ಕೆ ಹೋಗಬಹುದು. ಕೊಡೆಯು ಚಪ್ಪಾಳೆ ತಟ್ಟಬೇಕಾಗಿಲ್ಲ.

5. ವಂದನಾರ್ಪಣೆಯಾದರೆ ಸಭೆ ಮುಗಿದಂತಾಗುವುದರಿಂದ, ಅದಕ್ಕೆ ನಿಯುಕ್ತರಾದ ದೇವಿಪ್ರಸಾದ್ ಮಾಸ್ತರರು ಬಾಯಿ ತೆರೆಯಕೂಡದು. "ಚೀಟಿ ಬರೆದುಕೊಂಡು ಬಂದಿದ್ದೇನೆ, ಒಂದೇ ನಿಮಿಷ!" ಎಂಬ ಅವರ ಮೌಖಿಕ ಮನವಿಯನ್ನು ತಿರಸ್ಕರಿಸಲಾಗಿದೆ.

6. ತಂತಿಯಲ್ಲಿ ಕರೆಂಟು ಇದೆಯೇ ಎಂದು ದಿನವೂ ಪರೀಕ್ಷಿಸತಕ್ಕದ್ದು. ಮೈಕಿನ ಮುಂದೆ "ಹಲೋ, ಹಲೋ" ಎನ್ನುವ ಹುದ್ದೆ ಮಂಜೂರಾಗಿಲ್ಲದ ಕಾರಣ ಪರೀಕ್ಷೆಯನ್ನು ಮೈಮೂನಮ್ಮನವರ ಗ್ರೈಂಡರಿನಿಂದ ನಡೆಸತಕ್ಕದ್ದು. ಖಾಲಿ ಗ್ರೈಂಡರ್ ತಿರುಗಿಸುವುದು ಅಪವ್ಯಯ. ಒಳಗೆ ಅಕ್ಕಿ ಇರುವುದು ಕಡ್ಡಾಯ.

7. ಉಲ್ಲೇಖ 1ರ ಅರ್ಜಿಯ ಬಗ್ಗೆ ಈ ಕಚೇರಿಗೆ ನಿಜಕ್ಕೂ ನಾಚಿಕೆಯಾಗಿದೆ. ನಾಚಿಕೆಗೆ ನಿಗದಿತ ನಮೂನೆ ಇಲ್ಲದಿರುವುದರಿಂದ ಸಾದಾ ಹಾಳೆಯಲ್ಲೇ ದಾಖಲಿಸಲಾಗಿದೆ.

(ಸಹಿ)
ವೆಂಕಪ್ಪ
ಉಪ ಭಾಷಣಾಧಿಕಾರಿ (ಪ್ರಭಾರ)

ಪ್ರತಿಗಳು:
1. ನೋಣಯ್ಯ, ಕಂಬದ ಮೇಲೆ: ಓದಿಕೊಂಡು ಇಳಿಯಲು.
2. ದೇವಿಪ್ರಸಾದ್ ಮಾಸ್ತರರು: ಮೌನಕ್ಕಾಗಿ.
3. ಮಾನ್ಯ ಇಂಧನ ಸಚಿವರ ಆಪ್ತ ಕಾರ್ಯದರ್ಶಿ: ಮಾನ್ಯರು ಇನ್ನು ಮುಂದೆ ಸಿದ್ಧಕಟ್ಟೆಯತ್ತ ಸುಳಿಯದಂತೆ ನೋಡಿಕೊಳ್ಳಲು, ಕೈಮುಗಿದು.
4. ಶ್ರೀಮತಿ ಮೈಮೂನಮ್ಮ: ಅಕ್ಕಿ ನೆನೆಹಾಕಲು.