ನಮ್ಮನೆ ಮಜ್ಜಿಗೆ ಕುಡಿದ ಡಾಕ್ಟ್ರು

ನಮ್ಮ ಎಮ್ಮೆಗೆ ಕೆಚ್ಚಲು ಬಾವು ಬಂದು ನನ್ನ ನೆಮ್ಮದಿ ಹಾಳಾಯಿತು. ಬಾವು ಇಳಿಯಿತೆನ್ನಿ. ನನ್ನ ಸಂಕಟವೆಲ್ಲ ಅದನ್ನು ಇಳಿಸಿದ ಡಾಕ್ಟರದು.

ಕುರಿ ಹೊಡೆದುಕೊಂಡು ಹೋದರೆ ನಾನು ಮನೆ ಸೇರುವುದು ಹೊತ್ತು ಮುಳುಗಿದ ಮೇಲೆ. ಹೊಸದುರ್ಗಕ್ಕೆ ಹೊಸದಾಗಿ ಬಂದ ದನದ ಡಾಕ್ಟರು ಮಾಡದಕೆರೆಯ ನಮ್ಮ ಹೊಲದ ಮನೆಗೆ ಜೀಪಿನಲ್ಲಿ ಬರುತ್ತಿದ್ದುದು ಮಧ್ಯಾಹ್ನ. ಹೀಗಾಗಿ ಅವರ ದರ್ಶನಭಾಗ್ಯ ನನ್ನ ಹೆಂಡತಿ ನಾಗಕ್ಕನಿಗೂ ಎಮ್ಮೆಗೂ ಮಾತ್ರ.

"ಡಾಕ್ಟ್ರ ಕೈ ಬೆಣ್ಣೆ ಇದ್ದಂಗೈತೆ," ಎಂದಳು ನಾಗಕ್ಕ, ತಟ್ಟೆಗೆ ಮುದ್ದೆ ಇಡುತ್ತ.

"ನಿನಗೆಂಗೆ ಗೊತ್ತು?"

"ಹೋಗುವಾಗ ನನ್ನ ಕೈ ಹಿಡ್ಕಂಡು, ಎಮ್ಮೇನ ಚೆನ್ನಾಗಿ ನೋಡ್ಕಂಡಿದೀಯ ಅಂದ್ರು. ಮಜ್ಜಿಗೆ ಕೇಳಿ ಇಸ್ಕಂಡು ಕುಡುದ್ರು. ಎಷ್ಟು ಚೆಂದ ನಗ್ತಾರೆ ಅಂತೀರಿ."

ಮುರಿದ ಮುದ್ದೆಯನ್ನು ಮತ್ತೆ ತಟ್ಟೆಗೇ ಹಾಕಿದೆ.

ಮರುದಿನ ಕುರಿಗಳ ಹಿಂದೆ ನಡೆಯುತ್ತ ತರ್ಕ ಹೂಡಿದೆ. ಡಾಕ್ಟರೆಂದರೆ ಪೇಟೆಯವನು. ಪೇಟೆಯವನೆಂದರೆ ಟೆರಿಲಿನ್ ಷರಟು, ಕೂಲಿಂಗ್ ಗ್ಲಾಸು. ಕೂಲಿಂಗ್ ಗ್ಲಾಸು ಹಾಕಿದವನು ಬರೀ ಮಜ್ಜಿಗೆ ಕುಡಿದು ಹೋಗುವ ಆಸಾಮಿಯೇ? (ಕುರಿಗಳು ತಲೆ ತಗ್ಗಿಸಿಕೊಂಡೇ ಒಪ್ಪಿದವು.)

ಅಂಥವನೆದುರು ಕುರಿವಾಸನೆ ಹೊತ್ತು ನಿಲ್ಲಬಾರದೆಂದು ಮೀಸೆಗೆ ಕಪ್ಪು ಬಳಿದು, ತಲೆಗೆ ವಾಸನೆ ಎಣ್ಣೆ ಸುರಿದು, ಮದುವೆಯ ಪಂಚೆ ಉಟ್ಟೆ. ಕುರಿಗಳನ್ನು ತಮ್ಮ ಕಾಟಯ್ಯನಿಗೆ ಒಪ್ಪಿಸಿ ಹೊಸದುರ್ಗದ ಬಸ್ಸು ಹತ್ತಿದೆ.

ಡಾಕ್ಟರ ಮನೆಯ ಜಗಲಿಯ ಮೇಲೆ ನನ್ನ ತರ್ಕವೇ ಮೈವೆತ್ತು ಕೂತಿತ್ತು. ಟೆರಿಲಿನ್ ಷರಟು, ಹಣೆಯ ಮೇಲೆ ಕೂಲಿಂಗ್ ಗ್ಲಾಸು. ಅವರೆಕಾಯಿ ಸುಲಿಯುತ್ತಿತ್ತು. (ಇದನ್ನು ಮಾತ್ರ ತರ್ಕ ಹೇಳಿರಲಿಲ್ಲ.)

"ನಾನು ನಾಗಕ್ಕನ ಗಂಡ. ಅವಳ ಕೈ ಹಿಡಿಯಾದು, ಮಜ್ಜಿಗೆ ಕುಡಿಯಾದು ನನಗೆ ಸರಿ ಕಾಣಲ್ಲ. ಇನ್ಮೇಲೆ ನಮ್ಮನೆ ಕಡೆ ಬರಬ್ಯಾಡ್ರಿ."

ಅವರು ನಿಧಾನವಾಗಿ ಮೊರ ಕೆಳಗಿಟ್ಟರು. "ನಾನು ಹೈಸ್ಕೂಲ್ ಮೇಷ್ಟ್ರು ಕಣ್ರಿ. ಡಾಕ್ಟ್ರು ನನ್ನ ಹೆಂಡ್ತಿ. ಇರ್ರಿ, ಕರಿತೀನಿ."

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಡಾಕ್ಟರಮ್ಮ ಹೊರಬಂದರು.

"ನಾಗಕ್ಕನ ಯಜಮಾನ್ರಾ? ಕುಂತ್ಕಳ್ರಿ. ಎಮ್ಮೆ ಹೆಂಗೈತೆ?"

"ಚೆನ್ನಾಗೈತ್ರಿ," ಎಂದೆ. "ಅದನ್ನೇ ಹೇಳಿ ಹೋಗಾಣ ಅಂತ ಬಂದೆ."

ಮೇಷ್ಟ್ರು ಏನೂ ಹೇಳದೆ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಪುಣ್ಯಾತ್ಮರು.

ಹೂವಿನಷ್ಟು ಹಗುರಾಗಿ ಮನೆಗೆ ಬಂದೆ. "ಡಾಕ್ಟರಮ್ಮನ್ನ ನೋಡ್ಕಂಡು ಬಂದೆ ಕಣೆ. ಎಂಥ ಒಳ್ಳೇರು. ಇನ್ನೊಂದ್ಸಲ ಕರೆಸಾಣ."

ನಾಗಕ್ಕ ನನ್ನನ್ನು ಮೀಸೆಯಿಂದ ಪಂಚೆಯವರೆಗೂ ನೋಡಿದಳು. "ಬಾವು ಇಳಿದಿರೋ ಎಮ್ಮೆಗೆ ಡಾಕ್ಟ್ರು ಯಾಕೆ?"

ನಿಜ ಹೇಳಿದರೆ ಅವಳ ಮೇಲೇ ಅನುಮಾನಪಟ್ಟೆನೆಂದು ಒಪ್ಪಿಕೊಂಡಂತೆ. "ಸುಮ್ನೆ," ಎಂದೆ.

"ಸುಮ್ನೆ. ಡಾಕ್ಟ್ರು ಹೆಂಗಸು ಅಂದ್ರೆ ಸಾಕು, ಕುರಿ ಬಿಟ್ಟು ಮೀಸೆ ಕಪ್ಪು ಮಾಡ್ಕಂಡು ಓಡ್ತೀರಿ. ಗಂಡಸ್ರ ಬುದ್ಧಿ ನನಗೆ ಗೊತ್ತಿಲ್ವಾ?"

ಅವಳ ತರ್ಕದಲ್ಲಿ ನನ್ನದಕ್ಕಿಂತ ಸಾಕ್ಷಿ ಜಾಸ್ತಿ ಇತ್ತು.

ಮುಂದಿನ ವಾರ ಡಾಕ್ಟರಮ್ಮ ಕುರಿಗಳಿಗೆ ಸೂಜಿ ಹಾಕಲು ಬಂದಾಗ ಊರಿನ ಗಂಡಸರೆಲ್ಲ ತಮ್ಮ ತಮ್ಮ ಕುರಿ ಹಿಡಿದು ನಿಂತಿದ್ದರಂತೆ. ನಮ್ಮ ಕುರಿ ಹಿಡಿದವಳು ನಾಗಕ್ಕ. ನನ್ನನ್ನು ಬೆಳಗಿನ ಬಸ್ಸಿಗೇ ರಾಮಗಿರಿಯ ನಮ್ಮಕ್ಕನ ಮನೆಗೆ ಅಟ್ಟಿದ್ದಳು.

"ಏನಪ್ಪ, ಇದ್ದಕ್ಕಿದ್ದಂಗೆ?" ಎಂದಳು ಅಕ್ಕ.

"ನಾಗಕ್ಕನೇ ಕಳಿಸಿದ್ಲು."

ಅಕ್ಕನ ಕಣ್ಣು ತುಂಬಿ ಬಂತು. "ನನ್ನ ಮೇಲೆ ಎಷ್ಟು ಪ್ರೀತಿ ನೋಡು ಅವಳಿಗೆ," ಎಂದಳು.