ಅತ್ತಿ ಮುರಿದ ಸ್ಟಡ್

ನಮ್ಮ ಅತ್ತಿ ಹುಟ್ಟಿದಾಗಿನಿಂದ ಒಂದೇ ಒಂದು ತಪ್ಪು ಮಾಡಿಲ್ಲ. ಹಾಗಂತ ಅವಳೇ ಹೇಳುತ್ತಾಳೆ, ನಾವು ಒಪ್ಪಿಕೊಂಡು ಬಂದಿದ್ದೇವೆ. ಅಪ್ಪನ ತಂಗಿ, ಬ್ಯಾಡಗಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದ ಅಕ್ಕೋರು. ಅರವತ್ತು ದಾಟಿದ ಮೇಲೆ ಕಾರು ಕಲಿತಳು. ಕಲಿಸಿದಾತ ಆ ಉದ್ಯೋಗ ಬಿಟ್ಟು ಈಗ ಕಿರಾಣಿ ಅಂಗಡಿ ಇಟ್ಟಿದ್ದಾನೆ, ಆರಾಮಾಗಿದ್ದಾನೆ.

ಕಾರು ಕಲಿತದ್ದು ಅವಳ ಗಂಡ, ನಮ್ಮ ಮಾಮಾನ ಸಲುವಾಗಿ. ಅವರ ಎರಡೂ ಕಣ್ಣು ಹೋಗಿ ಕೆಲವು ವರ್ಷವಾಯಿತು. ಹೊಸ್ತಿಲು ದಾಟಲೂ ಅಂಜುತ್ತಿದ್ದವರನ್ನು ಅತ್ತಿ ದಿನಾ ಸಂಜೆ ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡು ಮೆಣಸಿನಕಾಯಿ ಮಾರ್ಕೆಟ್ಟಿನ ತನಕ ಒಂದು ಸುತ್ತು ಹಾಕಿಸುತ್ತಾಳೆ. ಮಾಮಾನ ಹೊರಗಿನ ಪ್ರಪಂಚ ಅಷ್ಟೇ. ಮೊದಲ ದಿನ ಅವರು ಹತ್ತಲು ಹಿಂಜರಿದಾಗ ಅತ್ತಿ ಮಾತು ಕೊಟ್ಟಿದ್ದಳು: "ಗಾಲಿ ನಟ್ ನಾನ ಬಿಗದೇನಿ. ಆರಾಮ ಕುಂದ್ರಿ."

ಹೇಗೆ ಬಿಗಿಯುತ್ತಾಳೆ ಅಂತೀರಿ? ರವಿವಾರ ತಲೆಗೆ ಹಚ್ಚಿ ಉಳಿದ ಕೊಬ್ಬರಿ ಎಣ್ಣೆಯನ್ನು ಗಾಲಿಯ ಸ್ಟಡ್ಡುಗಳಿಗೆ, ಅಂದರೆ ನಟ್ ಏರಿಸುವ ತಿರುಪಿನ ಮೊಳೆಗಳಿಗೆ, ಹಚ್ಚುತ್ತಾಳೆ. ನಟ್ಟಿಗೆ ಪಾನಾ ಸಿಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಬಾಗಿಲು ಹಿಡಿದು ಪಾನಾದ ಹಿಡಿಕೆಯ ಮೇಲೆ ಹತ್ತಿ ನಿಲ್ಲುತ್ತಾಳೆ. ನಿಂತವಳು ಎರಡು ಸಲ ಜಿಗಿಯುತ್ತಾಳೆ! ಅವಳ ತೂಕ ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಹೋದ ತಿಂಗಳು ಮುಂದಿನ ಎಡಗಾಲಿಯ ಒಂದು ಸ್ಟಡ್ 'ಟಪ್' ಎಂದು ಮುರಿದು, ನಟ್ಟಿನ ಸಮೇತ ತುಳಸಿಕಟ್ಟೆಯ ಬುಡಕ್ಕೆ ಹೋಗಿ ಬಿತ್ತು.

ಫೋನು ಬಂತೆಂದು ನಾನು ಹಾವೇರಿಯಿಂದ ಓಡಿದೆ. ಅಷ್ಟರಲ್ಲಿ ತಪ್ಪು ಯಾರದೆಂದು ತೀರ್ಮಾನವಾಗಿತ್ತು.

"ಪಂಚರ್ ಅಂಗಡ್ಯಾಂವ ಸಡ್ಲ ಬಿಟ್ಟಿದ್ದ ತಮ್ಮಾ, ಅದಕ್ಕ ಮುರದೈತಿ."

"ಸಡ್ಲ ಬಿಟ್ರ ಮುರೀತೈತೇನತ್ತಿ?"

"ನನಗ ಲೆಕ್ಕ ಕಲಸ್ತೀಯೇನು?" ಆಮೇಲೆ ದನಿ ಇಳಿಸಿದಳು. "ನಿಮ್ಮ ಮಾಮಾಗ ಪಂಚರ್ ಅಂತ ಹೇಳೇನಿ. ಸ್ಟಡ್ ಮುರದದ್ದು ಗೊತ್ತಾದ್ರ ಅಂಜತಾರ. ಮತ್ತ ಕಾರ್ ಹತ್ತೂದುಲ್ಲ."

ಮಾಮಾ ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದರು.

ಗ್ಯಾರೇಜಿನ ಮೇಸ್ತ್ರಿ ಅವಳದೇ ಹಳೆಯ ವಿದ್ಯಾರ್ಥಿ. ಬಗ್ಗಿ ನೋಡಿ ಹೇಳಿದ: "ನಾಲ್ಕರಾಗ ಮೂರು ಅದಾವಲ್ರಿ ಅಕ್ಕೋರ. ನೂರಕ್ಕ ಎಪ್ಪತ್ತೈದು ಆತು. ಸದ್ಯ ಓಡಸ್ರಿ."

"ನಿನಗ ಲೆಕ್ಕದಾಗ ಎಷ್ಟ ಬಂದಿದ್ದುವು?"

"ಮೂವತ್ತೈದ್ರಿ."

"ಅವನ್ನೂ ನಾನ ಕೊಟ್ಟದ್ದು. ಸ್ಟಡ್ ಹಾಕು."

ಸ್ಟಡ್ ಬ್ಯಾಡಗಿಯಲ್ಲಿ ಸಿಗಲಿಲ್ಲ. ನಾನು ಎರಡು ದಿನ ರಜೆ ಹಾಕಿದೆ. ಕಾರಣದ ಜಾಗದಲ್ಲಿ ಸ್ಟಡ್ ಎಂದು ಬರೆಯಲು ನಾಚಿಕೆಯಾಗಿ 'ಮನೆಯಲ್ಲಿ ಆರಾಮಿಲ್ಲ' ಎಂದು ಬರೆದೆ. ಮುರಿದ ತುಂಡನ್ನೂ ಅದರ ನಟ್ಟನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಅತ್ತಿ ನನ್ನ ಬೈಕಿನ ಹಿಂದೆ ಹತ್ತಿದಳು.

ಹಾವೇರಿಯ ಅಂಗಡಿಯವನು ಒಂದನ್ನು ತೆಗೆದು, "ಸೇಮ್ ಐತ್ರಿ" ಅಂದ. ಅತ್ತಿ ಅಲ್ಲೇ ಅದಕ್ಕೆ ತನ್ನ ನಟ್ ತಿರುಗಿಸಿದಳು. ಎರಡು ಸುತ್ತು ಹೋಗಿ ಸಿಕ್ಕಿಕೊಂಡಿತು. "ಸೇಮ್ ಅಂದ್ರೇನು, ಹೇಳು ನೋಡೋಣ" ಎಂದು ನಿಂತಳು. ಅವನು ನನ್ನ ಮುಖ ನೋಡಿದ, ನಾನು ರಸ್ತೆ ನೋಡಿದೆ.

ಮರುದಿನ ರಾಣೆಬೆನ್ನೂರಿನ ಮೂರನೆಯ ಅಂಗಡಿಯಲ್ಲಿ ನಟ್ ಬೆರಳಿನಿಂದಲೇ ಬುಡದ ತನಕ ಸರಾಗ ಇಳಿಯಿತು. ಅತ್ತಿ ಬಿಚ್ಚಿ ಮತ್ತೆ ಇಳಿಸಿದಳು. ಮತ್ತೆ ಬಿಚ್ಚಿದಳು. ಅಂಗಡಿಯವನು ಅಷ್ಟರಲ್ಲಿ ನಾಲ್ಕು ಗಿರಾಕಿಗಳನ್ನು ಕಳಿಸಿ ಚಹಾ ಕುಡಿದು ಮುಗಿಸಿದ್ದ.

ಅದೇ ದಿನ ಮಧ್ಯಾಹ್ನ ಮೇಸ್ತ್ರಿ ಜಾಕ್ ಹಚ್ಚಿ ಗಾಲಿ ಬಿಚ್ಚಿದ. ಮುರಿದ ಮೋಟನ್ನು ಹಿಂದಕ್ಕೆ ಬಡಿದು ಕೆಡವಿದ, ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ವಾಷರ್ ಪೇರಿಸಿ, ನಟ್ ತಿರುಗಿಸುತ್ತ ಮೆಲ್ಲಗೆ ಜಗ್ಗಿ ಕೂಡಿಸಿದ. ಅತ್ತಿ ಪರೀಕ್ಷೆಯ ಕೋಣೆಯಲ್ಲಿ ಕೂತಂತೆ ಸ್ಟೂಲಿನ ಮೇಲೆ ಕೂತು ನೋಡಿದಳು. ಕಡೆಗೆ ಅವನು ತಲೆ ಎತ್ತದೆ, "ಇನ್ನ ಎಣ್ಣಿ ಹಚ್ಚಬ್ಯಾಡ್ರಿ ಅಕ್ಕೋರ, ನಟ್ ಜಾರಿ ಅತೀ ಬಿಗೀತೈತಿ. ಪಾನಾದ ಮ್ಯಾಲೆ ನಿಂದರಬ್ಯಾಡ್ರಿ. ಕೈಲೆ ಬಿಗದ್ರ ಸಾಕು" ಅಂದ. ಅತ್ತಿ "ಆತು" ಅಂದಳು. ನನಗೆ ಗಾಬರಿಯಾಯಿತು.

ಸಂಜೆ ಮಾಮಾನನ್ನು ಮುಂದೆ ಕೂಡಿಸಿ ನಾನು ಹಿಂದೆ ಕೂತೆ. ಅತ್ತಿ ಕೀಲಿ ಹಾಕಿದಳು, ಆದರೆ ಗಾಡಿ ಚಾಲೂ ಮಾಡಲಿಲ್ಲ.

"ಕೇಳ್ರಿ ಇಲ್ಲೆ. ಪಂಚರ್ ಆಗಿದ್ದಿಲ್ಲ. ನಿಮ್ಮ ಕಡೆ ಗಾಲಿ ಸ್ಟಡ್ ಮುರದಿತ್ತು. ಬ್ಯಾರೆ ಯಾರೂ ಅಲ್ಲ, ನಾನ ಮುರದೇನಿ, ಬಿಗ್ಯಾಕ ಹೋಗಿ. ಈಗ ಹೊಸಾದು ಹಾಕಿಸೇನಿ. ನಿಮಗ ಅಂಜಿಕಿ ಬಂದ್ರ ಇಳೀರಿ, ನಾ ಏನೂ ಅನ್ನೂದುಲ್ಲ." ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಮಾಮಾ ಬೆಲ್ಟು ಎಳೆದುಕೊಂಡರು.

"ನಾ ದಿನಾ ಆ ನಟ್ ನಂಬಿ ಕುಂದರತೇನಿ ಅಂತ ನಿನಗ ಯಾರ ಹೇಳ್ಯಾರ?"

ಮೂವತ್ತು ವರ್ಷ ಊರಿನ ಮಕ್ಕಳನ್ನೆಲ್ಲ ಅಳಿಸಿದ ನಮ್ಮ ಅತ್ತಿ ಸ್ಟೇರಿಂಗ್ ಹಿಡಿದುಕೊಂಡು ಬಿಕ್ಕಿದಳು. ಮಾಮಾ ತಡಕಾಡಿ ಅವಳ ಎಡಗೈ ಹುಡುಕಿದರು, ಅದನ್ನು ಹಿಡಿದು ಗೇರಿನ ಮೇಲೆ ಇಟ್ಟರು.