ಬೇರೆ ಕುಲದ ಲೆನ್ಸು

ತನ್ನ ಹೆಂಡತಿ ರಾಜಮ್ಮಾಳ್ ಚೆಲುವೆ ಎಂಬುದರಲ್ಲಿ ಕರುಪ್ಪಯ್ಯನಿಗೆ ಎಂದೂ ಅನುಮಾನವಿರಲಿಲ್ಲ. ಅನುಮಾನ ಬಂದದ್ದು ರಾಜಮ್ಮಾಳ್‌ಗೇ. ಅದಕ್ಕೆ ಕಾರಣ ನಿಲಕ್ಕೋಟ್ಟೈಯಲ್ಲಿ ನಡೆದ ಅವಳ ತಮ್ಮನ ಮಗಳ ಮದುವೆ. ಆ ಮದುವೆಯ ಫ್ಲೆಕ್ಸ್ ಬ್ಯಾನರಿನಲ್ಲಿ ನೆಂಟರ ಮುಖಗಳನ್ನು ಸಾಲಾಗಿ ಜೋಡಿಸಿದ್ದರಲ್ಲ, ಅಲ್ಲಿ ರಾಜಮ್ಮಾಳ್ ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಯಾರನ್ನೋ ಬಯ್ಯಲು ಹೊರಟವಳ ಹಾಗೆ ನಿಂತಿದ್ದಳು. ಯಾರೋ ಪುಣ್ಯಾತ್ಮರು ಫೋನಿನಲ್ಲಿ ಹೊಡೆದ ಚಿತ್ರ. ಬ್ಯಾನರನ್ನು ಬಸ್‌ಸ್ಟ್ಯಾಂಡಿನ ಎದುರಿಗೇ ಕಟ್ಟಿದ್ದರಿಂದ, ಮಲ್ಲಿಗೆ ಮೂಟೆ ಹೊತ್ತು ಮಾರ್ಕೆಟ್ಟಿಗೆ ಬಂದವರೆಲ್ಲ ಅದನ್ನು ನೋಡಿಕೊಂಡೇ ಹೋದರು.

ಈಗ ಕರುಪ್ಪಯ್ಯನಿಗೇ ಅರವತ್ತು ತುಂಬುತ್ತಿತ್ತು. ಅರವತ್ತರ ಶಾಂತಿಯಲ್ಲಿ ಗಂಡ ಹೆಂಡತಿಗೆ ಇನ್ನೊಮ್ಮೆ ತಾಳಿ ಕಟ್ಟಬೇಕು, ಆದ್ದರಿಂದ ಹೆಂಡತಿ ಇನ್ನೊಮ್ಮೆ ಮಣೆಯ ಮೇಲೆ ಕೂರಬೇಕು. (ಇಷ್ಟು ಶಾಸ್ತ್ರ. ಮಿಕ್ಕದ್ದೆಲ್ಲ ಊಟ.) ಕಂಬಂ ಊರಿನಲ್ಲಿ ಮಂಟಪ ಹಿಡಿದಾಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು. ಉಳಿದದ್ದು ಬ್ಯಾನರ್. ಕಂಬಂ ಕಣಿವೆಯಲ್ಲಿ ಬ್ಯಾನರ್ ಕಟ್ಟದೆ ಮಗುವಿನ ಕಿವಿ ಸಹ ಚುಚ್ಚುವುದಿಲ್ಲ. ಬ್ಯಾನರ್ ಅಂದಮೇಲೆ ದಂಪತಿಗಳ ಮುಖ ಆಳೆತ್ತರಕ್ಕೆ ಬರಲೇಬೇಕು.

"ಯೋಳ್ಬುಡ್ತೀನಿ ಕೇಳು ಮಾಮ," ಎಂದಳು ರಾಜಮ್ಮಾಳ್. (ಆ ಮನೆಗಳಲ್ಲಿ ಹೆಂಡತಿ ಗಂಡನನ್ನು ಕರೆಯುವುದೇ ಹಾಗೆ.) "ಬ್ಯಾನರ್ನಾಗೆ ನನ್ ಮೊಗ ಲಕ್ಷಣವಾಗಿ ಬಂದ್ರೆ ಮಣೆ ಮ್ಯಾಲೆ ಕೂತ್ಕತೀನಿ. ಇಲ್ಲಾಂದ್ರೆ ನಿನ್ ಕುತ್ಗೇಗೆ ನೀನೇ ತಾಳಿ ಕಟ್ಕೊ."

ರಾಜಮ್ಮಾಳ್ ಬೆದರಿಕೆ ಹಾಕುವವಳಲ್ಲ, ಮಾಹಿತಿ ಕೊಡುವವಳು. ಇದು ಗೊತ್ತಿದ್ದ ಕರುಪ್ಪಯ್ಯನಿಗೆ ಆ ದಿನ ಊಟ ರುಚಿಸಲಿಲ್ಲ. ತನ್ನ ತೋಟದ ದ್ರಾಕ್ಷಿ ಚಪ್ಪರದ ಕೆಳಗೆ ಓಡಾಡುತ್ತ ಯೋಚಿಸಿದ. ಆಗ ಅವನಿಗೆ ತಮ್ಮ ಮದುವೆಯ ಫೋಟೋ ನೆನಪಾಯಿತು. ಪೆರಿಯಕುಳಂನ ಸ್ಟುಡಿಯೋದಲ್ಲಿ ತೆಗೆಸಿದ್ದು. ಅದರಲ್ಲಿ ರಾಜಮ್ಮಾಳ್ ಎಷ್ಟು ಚೆನ್ನಾಗಿದ್ದಳೆಂದರೆ ಪಕ್ಕದಲ್ಲಿದ್ದ ಕರುಪ್ಪಯ್ಯ ಸಹ ಸುಮಾರಾಗಿ ಕಾಣುತ್ತಿದ್ದ. ಆ ಸ್ಟುಡಿಯೋ ಮುಚ್ಚುವ ಕಾಲಕ್ಕೆ, ಮುಖದ ಚಿತ್ರಕ್ಕೆಂದೇ ಮಾಡಿದ ಆ ಲೆನ್ಸನ್ನು ಕರುಪ್ಪಯ್ಯ ಮೋಹದಿಂದ ಕೊಂಡು ತಂದಿದ್ದ. ಕ್ಯಾಮೆರಾ ಇಲ್ಲದ ಬರೀ ಲೆನ್ಸು. ಅಂದಿನಿಂದ ಅದು ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ವಾಸನೆ ಕುಡಿಯುತ್ತ ತಪಸ್ಸು ಮಾಡುತ್ತಿತ್ತು.

"ರಾಜಮ್ಮ, ನಿನ್ ಮೊಗದಾಗೆ ಏನೂ ತಪ್ಪಿಲ್ಲ. ತಪ್ಪು ಫೋನಿಂದು," ಎಂದು ಅವನು ಘೋಷಿಸಿದ. ಆ ಮಾತಿಗೆ ರಾಜಮ್ಮಾಳ್ ಅಂದು ಒಂದು ಲೋಟ ಕಾಫಿ ಹೆಚ್ಚಿಗೆ ಕೊಟ್ಟಳು.

ಕ್ಯಾಮೆರಾ ಇದ್ದದ್ದು ತೇನಿಯಲ್ಲಿ, ಅಳಿಯ ಅಜಿತ್‌ಕುಮಾರ್ ಹತ್ತಿರ. ಹೊಸದು, ದುಬಾರಿಯದು, ತಾನೇ ಮುಖ ಹುಡುಕಿ ತಾನೇ ಫೋಕಸ್ ಮಾಡಿಕೊಳ್ಳುವ ಜಾತಿಯದು. ಮಾವ ಬನಿಯನ್ ಬಟ್ಟೆಯಲ್ಲಿ ಸುತ್ತಿ ತಂದ ಲೆನ್ಸನ್ನು ನೋಡಿ ಅಳಿಯ ಕೈ ಮುಗಿದ.

"ಮಾಮಾ, ಇದು ಬೇರೆ ಕಂಪನಿ. ನನ್ನ ಕ್ಯಾಮೆರಾ ಬೇರೆ ಕಂಪನಿ. ಎರಡೂ ಸೇರಲ್ಲ."

"ಒಂದೇ ಕುಲ ಆಗಿದ್ರೆ ತಾನೇ ಮಾಪಿಳ್ಳೆ ಸೇರಬಾರ್ದು?" ಎಂದ ಕರುಪ್ಪಯ್ಯ. "ಇದು ಬೇರೆ ಕುಲ, ಅದು ಬೇರೆ ಕುಲ. ಧಾರಾಳವಾಗಿ ಸಂಬಂಧ ಬೆಳಸ್ಬೋದು." (ಮಾಪಿಳ್ಳೆ ಅಂದರೆ ಅಳಿಯ.)

ಅವರ ಜನರಲ್ಲಿ ಹೆಣ್ಣು ಕೇಳಲು ಹೋದಾಗ ಮೊದಲು ವಿಚಾರಿಸುವುದೇ ಕುಲವನ್ನು. ಒಂದೇ ಕುಲದವರು ಅಣ್ಣತಂಗಿ, ಮದುವೆ ಕೂಡದು. ಬೇರೆಯದಾದರೆ ಮಾತು ಮುಂದುವರಿಯುತ್ತದೆ. ಎಂಜಿನಿಯರಿಂಗ್ ಓದಿದ ಅಜಿತ್‌ಕುಮಾರ್ ಈ ತರ್ಕಕ್ಕೆ ತಲೆಬಾಗಿದ. ಅವನು ಆನ್‌ಲೈನಿನಲ್ಲಿ ಹುಡುಕಿ, ಎರಡು ಕಂಪನಿಗಳ ನಡುವೆ ಕೂರುವ ಒಂದು ಲೋಹದ ಉಂಗುರ ತರಿಸಿಕೊಟ್ಟ. ಅಡಾಪ್ಟರ್ ಎಂದು ಅದರ ಹೆಸರು. ಒಂದು ಮಗ್ಗುಲಲ್ಲಿ ಲೆನ್ಸನ್ನು ಹಿಡಿದುಕೊಂಡು, ಇನ್ನೊಂದು ಮಗ್ಗುಲಲ್ಲಿ ಕ್ಯಾಮೆರಾಕ್ಕೆ ಅಂಟಿಕೊಂಡಿತು. ಹೀಗೆ ಶುಭವಿವಾಹವಾಯಿತು ಎನ್ನುವಷ್ಟರಲ್ಲಿ ಕ್ಯಾಮೆರಾದ ಪರದೆಯ ಮೇಲೆ ಬರಹ ಮೂಡಿತು: ಲೆನ್ಸ್ ಜೋಡಿಸಿಲ್ಲ.

"ಕೈಯಾಗೆ ಮಣಭಾರ ಐತೆ, ಇದು ಇಲ್ಲಾಂತದಲ್ಲ," ಎಂದು ಕರುಪ್ಪಯ್ಯ ಸಿಟ್ಟಾದ.

"ನೀನೂ ಅಂಗೇ ಅಲ್ವಾ ಮಾಮ," ಎಂದಳು ಜೊತೆಗೆ ಬಂದಿದ್ದ ರಾಜಮ್ಮಾಳ್. "ಸೊಸೈಟಿಯೋರು ಸಾಲ ಕೇಳಾಕೆ ಬಂದ್ರೆ ಒಳಗೆ ಕೂತ್ಕೊಂಡು, ಇಲ್ಲಾಂತ ಯೋಳು ಅಂತಿ."

ಮುದುಕ ಲೆನ್ಸಿಗೆ ಹೊಸ ಕ್ಯಾಮೆರಾದ ಜೊತೆ ಮಾತಾಡಲು ಭಾಷೆ ಇಲ್ಲವೆಂದೂ, ಲೆನ್ಸ್ ಇಲ್ಲದಿದ್ದರೂ ಚಿತ್ರ ತೆಗೆ ಎಂದು ಕ್ಯಾಮೆರಾಕ್ಕೆ ಆಜ್ಞೆ ಮಾಡಬೇಕೆಂದೂ ಅಳಿಯ ವಿವರಿಸಿ, ಏನೇನೋ ಒತ್ತಿ ಸರಿಮಾಡಿದ. ಇನ್ನು ಮುಖವನ್ನು ಕ್ಯಾಮೆರಾ ಹುಡುಕುವುದಿಲ್ಲ. ಲೆನ್ಸಿನ ಬಳೆಯನ್ನು ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ನಾವು ಎಲ್ಲಿ ಕಣ್ಣಿಟ್ಟು ತಿರುಗಿಸಿದೆವೋ ಅಷ್ಟೇ ಸ್ಪಷ್ಟ, ಅದರ ಹಿಂದೆ ಮುಂದೆ ಎಲ್ಲ ಬೆಣ್ಣೆ ಕರಗಿದ ಹಾಗೆ ಕರಗಿಹೋಗುತ್ತದೆ. "ಅಷ್ಟೇ ತಾನೇ," ಎಂದ ಕರುಪ್ಪಯ್ಯ.

ಚಿತ್ರ ತೆಗೆಯುವ ಸ್ಥಳವನ್ನೂ ಅವನೇ ಆರಿಸಿದ. ಅವನ ಪ್ರಪಂಚದಲ್ಲಿ ಅದಕ್ಕಿಂತ ಚೆಂದದ ಜಾಗ ಬೇರೆ ಇಲ್ಲ, ದ್ರಾಕ್ಷಿ ಚಪ್ಪರ. ರಾಜಮ್ಮಾಳ್ ಮೆರೂನ್ ಸೀರೆ ಉಟ್ಟು, ಕನಕಾಂಬರ ಮುಡಿದು, ಗೊಂಚಲುಗಳ ನಡುವೆ ನಿಂತಳು. ಸುರುಳಿ ಬೆಟ್ಟದ ಕಡೆಯಿಂದ ತಂಪಾಗಿ ಗಾಳಿ ಬೀಸುತ್ತಿತ್ತು. ಕರುಪ್ಪಯ್ಯ ಒಂದು ಕಣ್ಣು ಮುಚ್ಚಿ, ನಾಲಗೆ ತುದಿ ಹೊರಗಿಟ್ಟು, ಬಳೆ ತಿರುಗಿಸಿ ತಿರುಗಿಸಿ ಕ್ಲಿಕ್ಕಿಸಿದ. ನಗು ಎಂದ, ಸಾಕು ಎಂದ, ಇನ್ನೊಂದು ಎಂದ. ರಾಜಮ್ಮಾಳ್ ಅವನು ಹೇಳಿದ್ದನ್ನೆಲ್ಲ ಮಾಡಿದಳು. ಮದುವೆಯಾದಮೇಲೆ ಇದು ಹೊಸ ಅನುಭವವಾದ್ದರಿಂದ ಅವನು ಬೇಗ ಮುಗಿಸಲಿಲ್ಲ.

ಸಂಜೆ ಎಲ್ಲರೂ ತೇನಿಗೆ ಹೋಗಿ ಮಗಳು ನಿವೇತಾ ಮನೆಯ ಟೀವಿಯ ಮುಂದೆ ಕೂತರು. ಮೊದಲ ಚಿತ್ರ ಬಂತು. ದ್ರಾಕ್ಷಿ ಗೊಂಚಲೊಂದು ಪರದೆಯ ತುಂಬ ಹೊಳೆಯುತ್ತಿತ್ತು. ಒಂದೊಂದು ಹಣ್ಣಿನ ಮೇಲಿನ ಬೂದಿ ಸಹ ಎಣಿಸುವಂತಿತ್ತು. ಹಿಂದೆ ಮೆರೂನ್ ಬಣ್ಣದ ಮೋಡವೊಂದು ತೇಲುತ್ತಿತ್ತು. ಎರಡನೆಯದರಲ್ಲಿ ಬೇರೆ ಗೊಂಚಲು, ಅದೇ ಮೋಡ. ಮೂರನೆಯದರಲ್ಲಿ ಎಲೆ, ಎಲೆಯ ಬೆನ್ನಿನಲ್ಲಿ ಒಂದು ಹುಳ, ಹುಳದ ಮೀಸೆ. ಕರುಪ್ಪಯ್ಯ ಗಾಬರಿಯಿಂದ ಎದ್ದು ಟೀವಿ ಹತ್ತಿರ ಹೋದ.

"ಅಯ್ಯಯ್ಯೋ, ಕೆಳಗಡೆ ಸಾಲಿಗೂ ಬಂದ್ಬುಡ್ತಾ ಇದು. ನಾಳೆ ಔಷ್ದಿ ಹೊಡೀಬೇಕು."

ಅಪ್ಪನ ಕಡೆ ಕಣ್ಸನ್ನೆ ಮಾಡಿ ಮಾಡಿ ನಿವೇತಾಳ ಕಣ್ಣು ನೋಯತೊಡಗಿತು. ರಾಜಮ್ಮಾಳ್ ಸೆರಗು ಸರಿಮಾಡಿಕೊಂಡಳು.

"ಮಾಪಿಳ್ಳೆ ಏನಂದ್ರು? ಕಣ್ಣು ಎಲ್ಲಿಗೋಯ್ತದೋ ಅದು ಮಾತ್ರ ನಿಚ್ಚಳವಾಗಿ ಕಾಣ್ತದೆ ಅಂದ್ರಲ್ಲ? ಕಲ್ಯಾಣ ಆದಾಗಿಂದ ನಂಗೆ ಇದೇ ಸಂದೇಹ ಇತ್ತು ಮಾಮ. ಈಗ ರುಜುವಾತು ಸಿಕ್ತು."

"ಅಂಗಲ್ಲ ರಾಜಮ್ಮ, ಕಾಯಿ ಹತ್ರ ಇತ್ತು, ನೀ ದೂರ ಇದ್ದೆ."

"ದೂರ ನಿಲ್ಸಿದ್ದು ಯಾರು?"

ಕರುಪ್ಪಯ್ಯ ಟೀವಿ ಆರಿಸಿದ. ಅವನಿಗೆ ಚಿಂತೆ ಹತ್ತಿದ್ದು ಬ್ಯಾನರಿಗಾಗಿ ಅಲ್ಲ. ಇಷ್ಟು ವರ್ಷ ಜೊತೆಗಿದ್ದವಳನ್ನು ನೆಟ್ಟಗೆ ನೋಡುವುದು ತನಗೆ ಬರುವುದಿಲ್ಲವೇನೋ ಎಂದು ಅವನಿಗೆ ಭಯವಾಯಿತು.

ಮರುದಿನ ಬೆಳಿಗ್ಗೆ ಅವನು ಹೆಂಡತಿಗೆ ಮತ್ತೆ ಕನಕಾಂಬರ ಮುಡಿಸಿ, ಅಳಿಯನ ಮನೆಯ ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿದ. ಒಂದು ಎಲೆ ಇಲ್ಲ, ಹಣ್ಣಿಲ್ಲ, ಹುಳವಿಲ್ಲ. ರಾಜಮ್ಮಾಳ್ ಒಬ್ಬಳೇ. ಲೆನ್ಸಿನೊಳಗಿಂದ ಅವಳು ಅವನನ್ನೇ ದಿಟ್ಟಿಸುತ್ತಿದ್ದಳು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಅವಳು ಸುಮ್ಮನೆ ನೋಡಿದ್ದನ್ನು ಅವನು ಕಂಡಿರಲಿಲ್ಲ. ಕೈ ಬೆವರಿತು, ಬಳೆ ಜಾರಿತು, ಕನ್ನಡಕ ಮಂಜಾಯಿತು. ಫೋಕಸ್ ಕಿವಿಯ ಓಲೆಗೆ ಹೋಯಿತು, ಗೋಡೆಗೆ ಹೋಯಿತು, ಎಲ್ಲಿಗೂ ಹೋಗದೆ ನಡುವೆ ನಿಂತಿತು. ಅವನು ಮಾತ್ರ ಕ್ಲಿಕ್ಕಿಸುತ್ತಲೇ ಹೋದ.

"ಕೊಡು ಇಲ್ಲಿ," ಎಂದು ರಾಜಮ್ಮಾಳ್ ಕ್ಯಾಮೆರಾ ಕಿತ್ತುಕೊಂಡಳು. "ನೀ ನಿಂತ್ಕೊ. ಎಂಗೆ ತಿರುವೋದೂಂತ ನಾ ತೋರುಸ್ತೀನಿ."

ಅವಳು ಅಕ್ಕಿಯಲ್ಲಿ ಕಲ್ಲು ಹುಡುಕುವ ಕಣ್ಣಿನವಳು. ಬಳೆಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿ ಒತ್ತಿದಳು. ಚಿತ್ರದಲ್ಲಿ ಕರುಪ್ಪಯ್ಯ ಸಮಗ್ರವಾಗಿ ಬಂದ. ಹಣೆಯ ಗೆರೆಗಳು, ಕೆನ್ನೆಯ ಕುಳಿಗಳು, ಮೂಗಿನಿಂದ ಇಣುಕುವ ಬಿಳಿ ಕೂದಲು, ಕಿವಿಯಿಂದ ಹೊರಟ ಪೊದೆ, ಅಂಗಿಯ ಕಿತ್ತುಹೋದ ಗುಂಡಿ. ಅವನ ಎಲ್ಲಾ ಕುಂದುಗಳ ಮೇಲೂ ಒಮ್ಮೆಗೇ ಕಣ್ಣಿಡುವ ಅಭ್ಯಾಸ ಅವಳಿಗೆ ಹಳೆಯದು. ಅವನ ಮುಖದಲ್ಲಿ ಇಪ್ಪತ್ತು ವರ್ಷ ಕಳೆದಮೇಲೆ ಬರಬೇಕಾದದ್ದೂ ಆಗಲೇ ಬಂದಿತ್ತು.

ಆಮೇಲೆ ಅವಳು ತನ್ನ ಚಿತ್ರಗಳನ್ನು ನೋಡತೊಡಗಿದಳು. ಒಂದರ ಮುಂದೆ ನಿಂತಳು. ಫೋಕಸ್ ನಡುದಾರಿಯಲ್ಲಿ ಕೈಬಿಟ್ಟ ಚಿತ್ರ ಅದು. ಅದರಲ್ಲಿ ಗೆರೆಯಿಲ್ಲ, ನೆರೆಯಿಲ್ಲ, ಹಾಲಿನಲ್ಲಿ ಅದ್ದಿ ತೆಗೆದಂಥ ದುಂಡು ಮುಖ, ಎರಡು ದೊಡ್ಡ ಕಣ್ಣು, ಕನಕಾಂಬರದ ಕೇಸರಿ.

"ಇದೇ," ಎಂದಳು.

"ಅತ್ತೆ, ಅದು ಔಟ್ ಆಫ್ ಫೋಕಸ್," ಎಂದ ಅಜಿತ್‌ಕುಮಾರ್ ಸಂಕೋಚದಿಂದ.

"ಆ ಫೋಕಸ್ಸು ನಿಮ್ಗೆ ಬೇಕಾದ್ರೆ ನೀವಿಟ್ಕಳಿ ಮಾಪಿಳ್ಳೆ. ನಾ ಇರೋದು ಇಂಗೇಯ. ನಿಮ್ ಮಾಮ ಒಂದೇ ಒಂದು ಸಲ ನನ್ನ ಸರಿಯಾಗಿ ನೋಡವ್ರೆ, ಅದ್ನ ಕೆಡುಸ್ಬೇಡಿ."

"ನಂದಾದ್ರೂ ಬೇರೆ ತೆಗೆಯಾನ," ಎಂದ ಕರುಪ್ಪಯ್ಯ.

"ಅದು ನಾ ತೆಗ್ದಿದ್ದು," ಎಂದಳು ರಾಜಮ್ಮಾಳ್. ಅಲ್ಲಿಗೆ ಆ ವಿಷಯ ಮುಗಿಯಿತು. ಅವಳು ಮಣೆಯ ಮೇಲೆ ಕೂರುತ್ತಾಳಲ್ಲ, ಅಷ್ಟು ಸಾಕೆಂದು ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ.

ಶಾಂತಿಯ ದಿನ ಮಂಟಪದ ಬಾಗಿಲಲ್ಲಿ ಬ್ಯಾನರ್ ಎದ್ದು ನಿಂತಿತು. ಬಲಗಡೆ ಕರುಪ್ಪಯ್ಯ, ಎಡಗಡೆ ರಾಜಮ್ಮಾಳ್, ನಡುವೆ ಎರಡು ಹೂಮಾಲೆ. ಬಂದವರೆಲ್ಲ ಮೊದಲು ಎಡಗಡೆ ನೋಡಿ ಹಿಗ್ಗಿದರು, ಬಲಗಡೆ ನೋಡಿ ಗಂಭೀರರಾದರು. ಗಂಡಹೆಂಡತಿ ಇಬ್ಬರೂ ಬಾಗಿಲಲ್ಲೇ ನಿಂತು ಪನ್ನೀರು ಚಿಮುಕಿಸಿ ಸ್ವಾಗತಿಸುತ್ತಿದ್ದರು.

ಆಗ ಪಳನಿ ಕಡೆಯ ಬಸ್ಸಿನಿಂದ ಪಾಂಡಿಯಮ್ಮಾಳ್ ಇಳಿದಳು. ಕರುಪ್ಪಯ್ಯನ ಸೋದರತ್ತೆ. ಓದು ಬರದು, ನಡೆಯಲು ಕೋಲು ಬೇಕು, ಬಯ್ಯಲು ಮಾತ್ರ ಯಾರ ಸಹಾಯವೂ ಬೇಡ. ಕರುಪ್ಪಯ್ಯನ ಮನೆಯಲ್ಲಿ ವಿಶೇಷ, ಬಾ ಎಂದು ಯಾರೋ ಹೇಳಿದ್ದನ್ನು ಕೇಳಿ ಹೊರಟು ಬಂದಿದ್ದಳು. ಬ್ಯಾನರಿನ ಮುಂದೆ ನಿಂತು ಕತ್ತೆತ್ತಿ ನೋಡಿದಳು. ಬಲಗಡೆಯ ಮುದುಕನ ಗುರುತು ಹತ್ತಿತು. ಎಡಗಡೆಯ ಹುಡುಗಿಯ ಗುರುತು ಹತ್ತಲಿಲ್ಲ. ಒಳಗೆ ನಾದಸ್ವರ, ಮಣೆ, ತಟ್ಟೆಯಲ್ಲಿ ತಾಳಿ. ಮುದುಕಿಗೆ ಎಲ್ಲ ಅರ್ಥವಾಗಿಹೋಯಿತು.

"ಲೇ ಕರುಪ್ಪಾ," ಎಂದು ಕೋಲಿನಿಂದ ಅವನ ಎದೆಗೆ ತಿವಿದಳು. "ಕಿವೀಲಿ ಕೂದ್ಲು ಬೆಳ್ದೈತೆ, ಊರು ಓಗು ಅಂತೈತೆ, ಕಾಡು ಬಾ ಅಂತೈತೆ, ನಿಂಗೆ ಮೊಮ್ಮಗಳಂಗಿರೋ ಹೆಣ್ಣು ಬೇಕಾ? ಬೋರ್ಡು ಬೇರೆ ಕಟ್ಟಿದೀಯಲ್ಲ, ನಾಚ್ಕೆ ಇಲ್ವಾ ನಿಂಗೆ?"

"ಅತ್ತೆ, ಅದು..." ಎಂದ ಕರುಪ್ಪಯ್ಯ.

"ಬಾಯ್ಮುಚ್ಚು." ಪಾಂಡಿಯಮ್ಮಾಳ್ ತಿರುಗಿ, ಪಕ್ಕದಲ್ಲಿದ್ದ ರಾಜಮ್ಮಾಳನ್ನು ಬಾಚಿ ತಬ್ಬಿಕೊಂಡಳು. "ನನ್ನವ್ವಾ, ನಿನ್ನಂತೋಳು ಗಟ್ಟಿಮುಟ್ಟಾಗಿರುವಾಗ್ಲೇ ಈ ಪಾಪಿ ಇನ್ನೊಬ್ಳ ತಂದವ್ನಲ್ಲ. ಆ ಕಲ್ಯಾಣಕ್ಕೆ ನೀನೇ ಪನ್ನೀರು ಹಾಕ್ತಾ ನಿಂತಿದ್ದೀಯಲ್ಲ."

ಮಂಟಪದ ಅರ್ಧ ಜನ ಬಾಗಿಲಿಗೆ ಬಂದು ಸೇರಿದರು. ಕರುಪ್ಪಯ್ಯ ದೈನ್ಯದಿಂದ ಹೆಂಡತಿಯ ಕಡೆ ನೋಡಿದ. ಒಂದು ಮಾತು, ಅದು ನಾನೇ ಎಂಬ ಒಂದೇ ಮಾತು ಅವಳು ಹೇಳಿದ್ದರೆ ಸಾಕಿತ್ತು. ರಾಜಮ್ಮಾಳ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಮೆಲ್ಲಗೆ ಕೇಳಿದಳು:

"ಆ ಹುಡ್ಗೀಗೆ ಏನು ವಯ್ಸಿರ್ಬೋದು ಅತ್ತೆ?"

"ಇನ್ನೂ ಇಪ್ಪತ್ತೈದು ದಾಟಿಲ್ಲ ಕಣವ್ವ. ಗಿಣಿ ಇದ್ದಂಗವ್ಳೆ."

"ಒಸಿ ಗಟ್ಟಿಯಾಗಿ ಯೋಳತ್ತೆ. ನಮ್ಮೆಜಮಾನ್ರ ಕಿವಿಗೆ ಬೀಳ್ಲಿ."

ಪಾಂಡಿಯಮ್ಮಾಳ್ ಗಟ್ಟಿಯಾಗಿಯೇ ಹೇಳಿದಳು, ಜೊತೆಗೆ ಕರುಪ್ಪಯ್ಯನ ವಂಶವನ್ನೂ ಸೇರಿಸಿ ಇನ್ನಷ್ಟು ಹೇಳಿದಳು. ರಾಜಮ್ಮಾಳ್ ಅದನ್ನೆಲ್ಲ ಕೊನೆಯವರೆಗೂ ಕೇಳಿದಳು. ಆಮೇಲೆ ಅತ್ತೆಯನ್ನು ಗಂಡನ ಹತ್ತಿರವೇ ಬಿಟ್ಟು, ಪುರೋಹಿತರು ಕರೆಯುವ ಮೊದಲೇ ಒಳಗೆ ಹೋಗಿ ಮಣೆಯ ಮೇಲೆ ಕೂತುಕೊಂಡಳು.